ಕಂಬಳಿಯ ಮೇಲಿನ ನಾಲ್ಕು ಕಲ್ಲು

ಹೊಸದುರ್ಗದ ನಾಗಭೂಷಣನಿಗೆ ಎದುರು ಸಿಕ್ಕವರ ಮುಖ ನೋಡುವ ಅಭ್ಯಾಸ ತಪ್ಪಿ ಬಹಳ ವರ್ಷವಾಗಿತ್ತು. ಅವನು ಮೊದಲು ನೋಡುತ್ತಿದ್ದದ್ದು ಕೈ. ಬೆರಳು ಮೊಂಡಾಗಿದೆಯೇ, ಮುಂಗೈ ಮೇಲೆ ಹಚ್ಚೆ ಇದೆಯೇ, ಎಲ್ಲಾದರೂ ಸುಟ್ಟ ಕಲೆ ಉಳಿದಿದೆಯೇ ಎಂದು. ಮದುವೆಮನೆಗೆ ಫೋಟೋ ತೆಗೆಯಲು ಹೋದವನು ಹುಡುಗನ ಸೋದರಮಾವನ ಮುಂಗೈ ಹಚ್ಚೆಯನ್ನೇ ಮೂರು ಸಲ ಹತ್ತಿರದಿಂದ ತೆಗೆದು ಬೈಸಿಕೊಂಡದ್ದೂ ಉಂಟು. "ಇವರ ಕಣ್ಣಿಗೆ ಬದುಕಿರೋರೂ ಹೆಣಾನೇ. ಗುರುತು ಹಿಡಿಯೋದೊಂದು ಬಾಕಿ ಅಷ್ಟೇ" ಎಂದು ಹೆಂಡತಿ ಜಯಶೀಲಾ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ಅಂಗನವಾಡಿ ಟೀಚರಮ್ಮ, ಮಕ್ಕಳಿಗೆ ಹೇಳಿದ ಹಾಗೆ ಗಂಡನಿಗೂ ಎಲ್ಲವನ್ನೂ ಬಿಡಿಸಿಯೇ ಹೇಳುವವಳು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಾಗಭೂಷಣನ ಸ್ಟುಡಿಯೋ. ವಾರಸುದಾರರಿಲ್ಲದ ಹೆಣ ಸಿಕ್ಕಾಗ ಪೊಲೀಸರು ಫೋಟೋ ತೆಗೆಯಲು ಇವನನ್ನು ಕರೆಯುತ್ತಿದ್ದರು. ಬೇರೆ ಸ್ಟುಡಿಯೋದವರು ಮೂಗು ಮುಚ್ಚಿಕೊಂಡು ಜಾರಿಕೊಂಡ ಕೆಲಸ ಅದು. ಇವನು ಹೋಗುತ್ತಿದ್ದ. ಹೋಗಿ ಬಂದು ಸುಮ್ಮನಾಗುತ್ತಲೂ ಇರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಆ ಮುಖದ ಕಣ್ಣು ತೆರೆಸುತ್ತಿದ್ದ, ತಲೆ ಬಾಚುತ್ತಿದ್ದ, ಬಾತುಕೊಂಡ ಕೆನ್ನೆಯನ್ನು ಇಳಿಸುತ್ತಿದ್ದ. ಹೆತ್ತವಳು ಬಂದು ನೋಡಿದರೆ ಬೆಚ್ಚಿಬೀಳದೆ ಗುರುತು ಹಿಡಿಯುವಂತಿರಬೇಕು ಎಂಬುದು ಅವನ ಆಸೆ. ಮೊದಮೊದಲು ಅದರಲ್ಲಿ ಬರೀ ಕರುಣೆಯೇ ಇತ್ತು, ಸುಳ್ಳು ಹೇಳಬಾರದು.

ಅವನನ್ನು ಕೆಡಿಸಿದ್ದು ಹಾಲುರಾಮೇಶ್ವರದಲ್ಲಿ ಸತ್ತ ಒಬ್ಬ ಮುದುಕ. ದೇವಸ್ಥಾನದ ಮೆಟ್ಟಿಲ ಹತ್ತಿರ ಪ್ರಾಣ ಬಿಟ್ಟಿದ್ದ, ಹೆಸರಿಲ್ಲ, ಊರಿಲ್ಲ. ಎಲ್ಲೋ ನೋಡಿದ ಮುಖ ಅನ್ನಿಸಿ ನಾಗಭೂಷಣ ಮೂರು ದಿನ ಹಳೆಯ ನೆಗೆಟಿವ್‌ಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿ, ಹದಿನೇಳು ವರ್ಷದ ಹಿಂದಿನ ಒಂದು ಮದುವೆ ಫೋಟೋದಲ್ಲಿ ಅವನನ್ನು ಪತ್ತೆ ಮಾಡಿದ. ಮುದುಕನ ಮಗ ಬಂದವನೇ ಸ್ಟುಡಿಯೋದ ಬಾಗಿಲಲ್ಲೇ ಇವನ ಕಾಲು ಹಿಡಿದು ಅತ್ತ. ಕಾಲು ಹಿಡಿಸಿಕೊಂಡವನ ತಲೆ ನೆಟ್ಟಗಿರುವುದು ಕಷ್ಟ. ಅಲ್ಲಿಂದ ಮುಂದೆ ಇವನು 'ಗುರುತು' ಎಂಬ ವಾಟ್ಸಾಪ್ ಗುಂಪು ಕಟ್ಟಿದ. ಕಾಣೆಯಾದವರ ಪ್ರಕಟಣೆಗಳನ್ನು ಪೇಪರಿನಿಂದ ಕತ್ತರಿಸಿ ಅಂಟಿಸಲು ಒಂದು ದಪ್ಪ ಪುಸ್ತಕ ಇಟ್ಟ. ಮೂರು ವರ್ಷದಲ್ಲಿ ನಾಲ್ಕು ಜನರಿಗೆ ಅವರವರ ಹೆಸರು ತಿರುಗಿ ಸಿಕ್ಕಿತು. ಪೇಪರಿನವರು ಬರೆದರು. ಯಾರೇ ಹೊಗಳಿದರೂ "ಏ, ನಮ್ದೇನೈತೆ ಬಿಡ್ರಿ" ಎನ್ನುವುದನ್ನು ಇವನು ಕಲಿತ. ಹೊಗಳಿಕೆ ಸಾಲದು ಅನ್ನಿಸಿದವರು ಆಡುವ ಮಾತು ಅದು.

2021ರ ಫೆಬ್ರವರಿಯಲ್ಲಿ ರಾಮಗಿರಿಯ ಆಚೆ, ಬಿಟ್ಟುಹೋದ ಕಲ್ಲು ಕ್ವಾರಿಯೊಂದರ ಬಂಡೆಯ ಮರೆಯಲ್ಲಿ ಮನುಷ್ಯನ ಮೂಳೆ ಸಿಕ್ಕಿತು. ಕಾನ್‌ಸ್ಟೇಬಲ್ ದುರ್ಗೇಶ್ ಪರಿಚಯದವನು, ಫೋನ್ ಮಾಡಿದ. ನಾಗಭೂಷಣ ಕ್ಯಾಮೆರಾ ಹಿಡಿದು ಹೋದಾಗ ಮೂಳೆಯ ಮೇಲೆ ಒಂದು ಕರಿ ಕಂಬಳಿ ಇತ್ತು. ನುಸಿ ತಿಂದು ಜಾಳಾಗಿದ್ದರೂ ತಲೆಯಿಂದ ಕಾಲತನಕ ಮುಚ್ಚಿತ್ತು. ಅದರ ಅಂಚಿನಲ್ಲಿ ತೆಂಗಿನಕಾಯಿ ಗಾತ್ರದ ನಾಲ್ಕು ಕಲ್ಲು. ಕ್ವಾರಿ ಅಂದಮೇಲೆ ಕಲ್ಲು ಉರುಳಿರುತ್ತವೆ ಎಂದುಕೊಂಡು ಇವನು ಎಲ್ಲದರ ಫೋಟೋ ತೆಗೆದುಕೊಂಡ. ದೊಡ್ಡಾಸ್ಪತ್ರೆಯ ಡಾಕ್ಟರು ಗಂಡಸು ಎಂದರು, ಸತ್ತು ಒಂದೂವರೆ ಎರಡು ವರ್ಷವಾಗಿರಬಹುದು ಎಂದರು. ಸಾವು ಹೇಗೆ ಬಂತು ಎಂದು ಹೇಳಲಾಗಲಿಲ್ಲ. ಎಡ ಮುಂಗೈ ಮೂಳೆ ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿದೆ ಎಂದು ಬರೆದರು.

ನಾಗಭೂಷಣನ ಕಣ್ಣು ನೆಟ್ಟಿದ್ದು ಕೈ ಮೇಲಲ್ಲ, ಕಂಬಳಿ ಮೇಲೆ. ಅವನದು ಕುರಿ ಕಾಯುವವರ ಮನೆ. ತಾತನಿಗೆ ಇನ್ನೂರು ಕುರಿಗಳ ಮಂದೆ ಇತ್ತು. ಕಂಬಳಿ ನೇಯುವವನು ಯಾರೇ ಇರಲಿ, ಅಂಚು ಹೊಲಿಯುವುದು ಮನೆಯ ಹೆಂಗಸರು, ಮತ್ತು ಒಂದೊಂದು ಹಟ್ಟಿಯ ಹೊಲಿಗೆ ಒಂದೊಂದು ಥರ ಎಂಬುದು ಅವನಿಗೆ ಗೊತ್ತಿತ್ತು. ಈ ಕಂಬಳಿಯ ಅಂಚಿನಲ್ಲಿ ಕೆಂಪು ದಾರದ ಮೂರು ಹೊಲಿಗೆ, ಒಂದು ಗಂಟು, ಮತ್ತೆ ಮೂರು ಹೊಲಿಗೆ ಇತ್ತು. "ಪೊಲೀಸರಿಗೆ ಇದು ಬರೀ ಕಂಬಳಿ. ನಮಗೆ ಇದು ವಿಳಾಸ" ಎಂದು ಗುಂಪಿನಲ್ಲಿ ಬರೆದ. ಎಂಟು ತಿಂಗಳು, ಬಿಡುವಾದಾಗಲೆಲ್ಲ, ಬೈಕಿನಲ್ಲಿ ಹಟ್ಟಿ ಹಟ್ಟಿ ಅಲೆದ. ಆ ಅಲೆದಾಟ ನಿಜವಾದದ್ದು, ಅದನ್ನು ಯಾರೂ ಅವನಿಂದ ಕಿತ್ತುಕೊಳ್ಳುವಂತಿಲ್ಲ.

ಕೊನೆಗೆ ಹಿರಿಯೂರು ಕಡೆಯ ಒಂದು ಹಟ್ಟಿಯಲ್ಲಿ ನಿಂಗಕ್ಕ ಸಿಕ್ಕಳು. ಐವತ್ತರ ಹತ್ತಿರದ ಹೆಂಗಸು. ಗಂಡ ಓಬಣ್ಣ 2017ರಲ್ಲಿ, ಕುರಿ ಹೊಡೆದುಕೊಂಡು ಪಡುವಣ ಸೀಮೆಗೆ ಹೋದವನು, ಮಂದೆಯನ್ನು ಜೊತೆಗಾರರಿಗೆ ಒಪ್ಪಿಸಿ ಎಲ್ಲಿಗೋ ಎದ್ದುಹೋಗಿದ್ದ. ಯಾಕೆ ಎಂದು ಯಾರಿಗೂ ತಿಳಿಯದು. ಅಣ್ಣತಮ್ಮಂದಿರ ಜೊತೆ ಮಾತಿಗೆ ಮಾತು ಬೆಳೆದಿತ್ತಂತೆ. ನಾಲ್ಕು ವರ್ಷದಿಂದ ನಿಂಗಕ್ಕ ದಿನಾ ಹಣೆಗೆ ಕುಂಕುಮ ಇಟ್ಟುಕೊಂಡು ಕಾಯುತ್ತಿದ್ದಳು. ನಾಗಭೂಷಣ ಫೋಟೋ ತೋರಿಸಿದ. ಇನ್ನೊಂದು ಫೋನಿನಲ್ಲಿ ವಿಡಿಯೋ ಹಿಡಿದಿದ್ದ. ನಿಂಗಕ್ಕ ಫೋಟೋದ ಮೇಲೆ ಬೆರಳಾಡಿಸಿ, "ನಮ್ದೇ ಕಣಪ್ಪ. ಈ ಹೊಲಿಗೆ ನಂದೇ" ಎಂದಳು. ಆಮೇಲೆ ಇನ್ನೂ ಏನೋ ಅಂದಳು. ಆದರೆ ಅಷ್ಟರಲ್ಲಿ ಹಟ್ಟಿಯ ಹೆಂಗಸರು ಬೋರೆಂದು ಅಳಲು ಹಿಡಿದಿದ್ದರು. ನಾಗಭೂಷಣನ ಎದೆ ಗೆದ್ದವನ ಎದೆಯಂತೆ ಡವಗುಟ್ಟುತ್ತಿತ್ತು.

ಉಳಿದದ್ದೆಲ್ಲ ಬೇಗ ಬೇಗ ಆಯಿತು. ಪೊಲೀಸರು ಕಂಬಳಿಯ ಗುರುತು ಸಿಕ್ಕಿತೆಂದು ಬರೆದುಕೊಂಡು, ಪರೀಕ್ಷೆಗೆ ಒಂದು ಹಲ್ಲು, ಒಂದು ತುಂಡು ತೊಡೆಮೂಳೆ ಇಟ್ಟುಕೊಂಡು, ಓಬಣ್ಣನ ಮಗಳ ರಕ್ತ ತೆಗೆದುಕೊಂಡು, ಮೂಳೆಗಳನ್ನು ಮನೆಯವರಿಗೆ ಕೊಟ್ಟರು. ಹಟ್ಟಿಯ ಹಿರಿಯರು ಕಾರ್ಯ ಮಾಡಿಸಿದರು. ನಿಂಗಕ್ಕನ ಬಳೆ ಒಡೆದರು, ಕುಂಕುಮ ಒರೆಸಿದರು. ನಾಗಭೂಷಣ ವಿಡಿಯೋವನ್ನು ಹನ್ನೊಂದು ಸೆಕೆಂಡಿಗೆ ಕತ್ತರಿಸಿ, "ನಮ್ದೇ ಕಣಪ್ಪ, ಈ ಹೊಲಿಗೆ ನಂದೇ" ಎಂಬಲ್ಲಿಗೆ ನಿಲ್ಲಿಸಿ, ಕೆಳಗೆ ದುಃಖದ ಸಂಗೀತ ಹಾಕಿ ಗುಂಪಿಗೆ ಬಿಟ್ಟ. ಆ ವಿಡಿಯೋ ಜಿಲ್ಲೆಯನ್ನೆಲ್ಲ ಸುತ್ತಿತು. ಚಿತ್ರದುರ್ಗದ ಒಂದು ಸಂಘದವರು ವೇದಿಕೆ ಮೇಲೆ ಕೂರಿಸಿ ಶಾಲು ಹೊದಿಸಿದರು.

ಶಾಲು ಹೊದಿಸಿದ ಮಾರನೆಯ ವಾರ ಭೀಮಸಮುದ್ರದಿಂದ ಮಹಾದೇವಮ್ಮ ಎಂಬಾಕೆ ಸ್ಟುಡಿಯೋಕ್ಕೆ ಬಂದಳು. ಅಡಿಕೆ ಸುಲಿಯುವ ಕೆಲಸದವಳು, ಬೆರಳ ಸಂದೆಲ್ಲ ಕಪ್ಪಾಗಿತ್ತು. ತಮ್ಮ ಪ್ರಭು 2019ರ ಯುಗಾದಿ ಕಳೆದ ಮೇಲೆ ಕಾಣೆಯಾಗಿದ್ದ, ರಾಮಗಿರಿ ರೈಲು ಸ್ಟೇಷನ್ನಿನಲ್ಲಿ ಇಳಿದದ್ದನ್ನು ಯಾರೋ ನೋಡಿದ್ದರು.

"ಚಿಕ್ಕೋನಿದ್ದಾಗ ಮರದಿಂದ ಬಿದ್ದು ಎಡಗೈ ಮುರ್ಕಂಡಿದ್ದ ಸಾರ್. ನಾಟಿ ಪಟ್ಟು ಕಟ್ಟಿಸಿದ್ವಿ, ಸೊಟ್ಟಗೇ ಕೂಡ್ತು. ರಾಮಗಿರಿ ಕ್ವಾರ್‍ಯಾಗೆ ಸಿಕ್ಕಿದ್ದು ಅವನೇನಾದ್ರೂ..."

ಡಾಕ್ಟರು ಬರೆದ ಸಾಲು ನಾಗಭೂಷಣನ ಕಣ್ಣ ಮುಂದೆ ಬಂದು ನಿಂತಿತು. ಓಬಣ್ಣನಿಗೆ ಕೈ ಮುರಿದಿತ್ತೇ ಎಂದು ಅವನು ನಿಂಗಕ್ಕನನ್ನು ಕೇಳಿಯೇ ಇರಲಿಲ್ಲ. ಮರೆತಿದ್ದನೆಂದಲ್ಲ. ಇಲ್ಲ ಅಂದುಬಿಟ್ಟಾಳು ಎಂಬ ಭಯಕ್ಕೇ ಕೇಳಿರಲಿಲ್ಲ. ಗೋಡೆಯ ಮೊಳೆಗೆ ಶಾಲು ನೇತುಹಾಕಿತ್ತು. ಮಹಾದೇವಮ್ಮ ಅದನ್ನೇ ನೋಡುತ್ತಿದ್ದಾಳೆ ಅನ್ನಿಸಿತು.

"ಅದು ಬಲಗೈ ಅಮ್ಮ" ಎಂದ. "ಆ ಕೇಸು ಮುಗಿದೈತೆ. ನಿಮ್ಮ ತಮ್ಮ ಎಲ್ಲೋ ಚೆನ್ನಾಗಿರ್ತಾನೆ, ಧೈರ್ಯವಾಗಿರ್ರಿ."

ಅವಳು ಕೈ ಮುಗಿದು ಹೋದಳು. ಇವನು ಪುಸ್ತಕದಲ್ಲಿ ಬರೆದುಕೊಂಡಿದ್ದ ಅವಳ ಹೆಸರು, ಫೋನ್ ನಂಬರಿನ ಮೇಲೆ ಒಂದು ಗೆರೆ ಎಳೆದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇವನ ಮಾನ ಅಡಿಕೆಗೂ ಹೋಗಲಿಲ್ಲ, ಒಂದು ಶಾಲಿಗೆ ಹೋಯಿತು. ಅವತ್ತೇ ಹೋಗಿತ್ತು, ಅವನಿಗೆ ತಿಳಿದದ್ದು ಮಾತ್ರ ಎರಡು ವರ್ಷದ ಮೇಲೆ.

2023ರ ಆಗಸ್ಟಿನಲ್ಲಿ ದುರ್ಗೇಶ್ ಫೋನ್ ಮಾಡಿದ. "ಅಣ್ಣ, ಡಿಎನ್ಎ ಬಂತು. ಮ್ಯಾಚ್ ಆಗಿಲ್ಲ. ಅದು ಓಬಣ್ಣಂದಲ್ಲ. ನಾವು ಹಟ್ಟಿಗೆ ಕಾಗದ ಕಳಿಸ್ತೀವಿ, ಅದಕ್ಕೆ ಮೊದಲು ನೀನೇ ಹೋಗಿ ಒಂದು ಮಾತು ಹೇಳಿಬಿಡು. ನಿನ್ನ ಮಾತು ಅಂದ್ರೆ ಅವರಿಗೆ ನಂಬಿಕೆ."

ನಾಗಭೂಷಣ ಹೋಗಲಿಲ್ಲ. ನಾಳೆ ಅಂದ, ಸೋಮವಾರ ಅಂದ, ಗಣಪತಿ ಹಬ್ಬದ ಫೋಟೋಗಳು ಮುಗಿಯಲಿ ಅಂದ. ಹತ್ತೊಂಬತ್ತು ದಿನ ಹೀಗೇ ಕಳೆಯಿತು. ಯಾರಾದರೂ "ಏನು ಸಾರ್ ಹೊಸ ಕೇಸು?" ಎಂದು ಕೇಳಿದರೆ ಬೆವರುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ, ಪೇಪರಿನಲ್ಲಿ ರಾಮಗಿರಿ ಎಂಬ ಹೆಸರು ಕಂಡರೂ ಪುಟ ಮಗುಚುತ್ತಿದ್ದ. ಇಪ್ಪತ್ತನೆಯ ದಿನ ಬೆಳಗ್ಗೆ ದುರ್ಗೇಶ್ ಮತ್ತೆ ಫೋನ್ ಮಾಡಿದಾಗ ಇವನು ಸ್ನಾನಕ್ಕೆ ಹೋಗಿದ್ದ. ಜಯಶೀಲಾ ಎತ್ತಿಕೊಂಡಳು.

ಅವಳು ಕೂಗಾಡಲಿಲ್ಲ. ತಿಂಡಿ ತಟ್ಟೆ ಮುಂದಿಟ್ಟು ಎದುರಿಗೆ ಕೂತಳು. "ಆ ಮೂಳೆಗೆ ಕಂಬಳಿ, ನಿಮಗೆ ಶಾಲು, ಆ ಹೆಣ್ಮಗಳಿಗೆ ಬೋಳು ಹಣೆ. ಹಂಚಿಕೆ ಚೆನ್ನಾಗೈತೆ ಅಲ್ವೇನ್ರಿ?"

"ಕಂಬಳಿ ಅವಳದ್ದೇ ಕಣೇ. ಅವಳೇ ಹೇಳಿದ್ಳು. ವಿಡಿಯೋ ಐತೆ."

"ತೋರ್ಸ್ರಿ. ಕತ್ತರಿಸಿದ್ದಲ್ಲ. ಪೂರ್ತಿದು."

ಕಂಪ್ಯೂಟರಿನಲ್ಲಿ ಪೂರ್ತಿ ವಿಡಿಯೋ ಇತ್ತು. ಎರಡು ವರ್ಷದಿಂದ ಅವನು ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಹನ್ನೊಂದು ಸೆಕೆಂಡು ದಾಟಿತು. ಹೆಂಗಸರ ಅಳುವಿನ ನಡುವೆ ನಿಂಗಕ್ಕನ ದನಿ ಸಣ್ಣದಾಗಿ, ಆದರೆ ಬಿಡಿಬಿಡಿಯಾಗಿ ಕೇಳಿತು. "ಕಂಬಳಿ ನಮ್ದು. ಆದ್ರೆ ನಾಕು ಮೂಲೆಗೂ ಕಲ್ಲು ಇಟ್ಟೈತಲ್ಲ? ಸತ್ತೋನು ತನ್ನ ಕಂಬಳಿ ಮ್ಯಾಲೆ ತಾನೇ ಕಲ್ಲು ಇಟ್ಕಂತಾನೇನಪ್ಪ? ಇದು ನಮ್ಮೋರು ಯಾರಿಗೋ ಹೊದ್ಸಿ ಹೋಗಿರಾದು." ಅದಕ್ಕೆ ವಿಡಿಯೋ ಹಿಡಿದವನ ದನಿ, ನಾಗಭೂಷಣನದೇ ದನಿ, ಮುದ್ದು ಮಾಡುವ ಹಾಗೆ ಹೇಳುತ್ತಿತ್ತು: "ಮನಸ್ಸಿಗೆ ಒಪ್ಪಲ್ಲ ಅಕ್ಕ, ನಂಗೊತ್ತೈತೆ. ಸಮಾಧಾನ ಮಾಡ್ಕಳಿ."

ನಾಗಭೂಷಣನಿಗೆ ತಾತ ನೆನಪಾದ. ಹಾದಿಯಲ್ಲಿ ದಿಕ್ಕಿಲ್ಲದ ಹೆಣ ಕಂಡರೆ ಕುರಿ ಕಾಯುವವನು ಅದನ್ನು ಬಯಲಿಗೆ ಬಿಟ್ಟು ಹೋಗಬಾರದು. ಪೊಲೀಸು, ಕಚೇರಿ ಎಂದರೆ ಹೆದರಿಕೆ ಇರಲಿ, ಮಂದೆ ಬಿಟ್ಟು ಹೋಗಲು ಆಗದಿರಲಿ, ತಾನು ಹೊದ್ದ ಕಂಬಳಿಯನ್ನಾದರೂ ಹೊದಿಸಬೇಕು, ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೆ ಕಲ್ಲಿಡಬೇಕು, ತಿರುಗಿ ನೋಡದೆ ನಡೆಯಬೇಕು. ಒಂದು ಚಳಿಗಾಲ ತಾತ ಬರಿಮೈಯಲ್ಲಿ ಮನೆಗೆ ಬಂದಾಗ ಅಜ್ಜಿ ಒಂದು ಮಾತೂ ಕೇಳದೆ ಬೇರೆ ಕಂಬಳಿ ತೆಗೆದುಕೊಟ್ಟಿದ್ದಳು. ಹೊಲಿಗೆಯ ವಿಷಯ ಇವನಿಗೆ ನೆನಪಿತ್ತು, ಅದರಿಂದ ಹೆಸರು ಬಂತು. ಇದು ಮರೆತಿತ್ತು. ಕುರಿ ಕಾಯುವವರ ಮನೆಯವನು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದವನಿಗೆ ತನ್ನ ತಾತನ ಮೈಮೇಲೆ ಇಲ್ಲದ ಕಂಬಳಿ ಮರೆತೇ ಹೋಗಿತ್ತು.

ಅವತ್ತೇ ಬೈಕು ಹತ್ತಿದ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿದ. ಹಟ್ಟಿ ಹತ್ತಿರವಾದಂತೆ ಒಂದೊಂದೇ ಕೈಕೊಟ್ಟವು.

ನಿಂಗಕ್ಕ ಮನೆಯ ಮುಂದಿನ ಬೇವಿನ ನೆರಳಲ್ಲಿ ಹುರುಳಿ ಕೇರುತ್ತಿದ್ದಳು. ಹಣೆ ಖಾಲಿ, ಕೈ ಖಾಲಿ. "ಬರ್ರಿ, ಕುಂತ್ಕಳ್ರಿ" ಎಂದು ಚಾಪೆ ಸರಿಸಿದಳು. ಇವನು ಕೂರಲಿಲ್ಲ. ನಿಂತೇ ಹೇಳಿದ. ಪರೀಕ್ಷೆಯ ವಿಷಯ ಹೇಳಿದ, ಹತ್ತೊಂಬತ್ತು ದಿನ ಬಚ್ಚಿಟ್ಟದ್ದನ್ನು ಹೇಳಿದ, ಅವಳ ಮಾತನ್ನು ಕತ್ತರಿಸಿದ್ದನ್ನು ಹೇಳಿದ. ಹೇಳುತ್ತಾ ನೋಡುತ್ತಿದ್ದದ್ದು ಅವಳ ಮೊರವನ್ನು. ಭೂಮಿ ಬಾಯಿ ಬಿಡಬಾರದೇ ಎಂಬ ಮಾತನ್ನು ಅವನು ಎಷ್ಟೋ ಸಲ ಕೇಳಿದ್ದ. ಅದು ನಿಜವಾದ ಆಸೆ ಎಂದು ಗೊತ್ತಾದದ್ದು ಈಗ.

ನಿಂಗಕ್ಕ ಮೊರ ಕೆಳಗಿಟ್ಟಳು. "ಅದು ನನಗೆ ಅವತ್ತೇ ಗೊತ್ತಿತ್ತಪ್ಪ. ನಾನು ಹೇಳ್ದೆ. ನೀನು ದೊಡ್ಡ ಮನುಷ್ಯ, ಪೇಪರ್‍ನಾಗೆ ಬಂದೋನು. ಹಿರೇರು ನಿನ್ನ ಮಾತು ಕೇಳಿದ್ರು. ನನ್ನ ಮಗಳು ಫೋನ್ನಾಗೆ ತೋರ್ಸಿದ್ಲು, ನಾನು ಹೂಂ ಅಂದಿದ್ದಷ್ಟೇ ಇತ್ತು ಅದ್ರಾಗೆ." ಆಮೇಲೆ ಕೇಳಿದಳು, "ಈಗ ನಾನು ಕುಂಕುಮ ಇಟ್ಕಳ್ಳಾ, ಬ್ಯಾಡ್ವಾ? ಅದ್ನೂ ನೀನೇ ಹೇಳ್ಬಿಡು."

ನಾಗಭೂಷಣ ಕಣ್ಣನ್ನು ಆಚೆ ಹೊರಳಿಸಿದ. ಹಟ್ಟಿಯ ಆಚೆ, ಓಬಣ್ಣನದೆಂದು ಮಣ್ಣು ಮಾಡಿದ ಜಾಗದಲ್ಲಿ ನೆಟ್ಟ ಕಲ್ಲು ಕಾಣುತ್ತಿತ್ತು. ಅದರ ಮುಂದೆ ಬಾಡಿದ ಹೂವಿತ್ತು.

"ಎರಡು ವರ್ಷ ಅವನಿಗೆ ಎಡೆ ಇಟ್ಟಿದೀನಿ" ಎಂದಳು ನಿಂಗಕ್ಕ ಅವನ ಕಣ್ಣು ಹೋದ ಕಡೆ ನೋಡಿ. "ಗಂಡ ಅಂತ ಇಟ್ಟಿದ್ದಲ್ಲ. ಯಾರೋ ಪಾಪ, ನಮ್ಮ ಕಂಬಳಿ ಹೊದ್ದೋನು ಅಂತ. ಯೋಚ್ನೆ ಮಾಡು. ಅವನಿಗೆ ಕಂಬಳಿ ಹೊದ್ಸಿದ ದಿನ ನಮ್ಮೋನು ಬದುಕಿದ್ದ. ಅವನ್ಯಾರು, ಯಾವತ್ತು ಸತ್ತ ಅಂತ ಗೊತ್ತಾದ್ರೆ ನಮ್ಮೋನು ಯಾವತ್ತಿನ್ತನಕ ಇದ್ದ ಅಂತ ನನಗೆ ಗೊತ್ತಾಗ್ತೈತೆ. ಅದು ಬದುಕಿದ್ದ ಗುರುತು ಕಣಪ್ಪ. ನೀನು ಅದ್ನ ಸತ್ತ ಗುರುತು ಮಾಡ್ಬಿಟ್ಟೆ." ಆಮೇಲೆ ಅವನ ಕಡೆಗೆ ತಿರುಗಿದಳು. "ಇನ್ನೂ ಯಾರನ್ನೂ ಹುಡುಕ್ಲಿಲ್ವಾ ನೀನು? ಅವನನ್ನ ಕೇಳ್ಕಂಡು ಯಾರೂ ಬರ್ಲಿಲ್ವಾ?"

ಬಂದಿದ್ದರು ಎಂದು ಹೇಳಬೇಕಾಯಿತು. ಎಡಗೈ, ಬಲಗೈ ಎಲ್ಲ ಹೇಳಬೇಕಾಯಿತು. ನಿಂಗಕ್ಕ ಕಣ್ಣು ಪಿಳುಕಿಸದೆ ಕೇಳಿದಳು.

"ಫೋನ್ ಹಚ್ಚು" ಎಂದಳು. "ನನ್ನ ಮುಂದೇ ಹಚ್ಚು. ನನಗೂ ಕೇಳ್ಬೇಕು."

ಹೊರಡುವ ಮುನ್ನ ಪುಸ್ತಕದ ಆ ಪುಟದ ಫೋಟೋವನ್ನು ಫೋನಿನಲ್ಲಿ ತೆಗೆದುಕೊಂಡಿದ್ದ. ಗೆರೆಯ ಅಡಿಯಲ್ಲಿ ನಂಬರು ಓದುವಷ್ಟು ಉಳಿದಿತ್ತು. ಎರಡನೆಯ ರಿಂಗಿಗೆ ಮಹಾದೇವಮ್ಮ ಎತ್ತಿದಳು. ಹಿಂದೆ ಅಡಿಕೆ ಸುಲಿಯುವ ಹೆಂಗಸರ ಮಾತು, ನಗು.

"ಅಮ್ಮಾ, ನಾನು ಹೊಸದುರ್ಗದ ನಾಗಭೂಷಣ. ಫೋಟೋ ಸ್ಟುಡಿಯೋ."

"ಅಯ್ಯೋ ಸಾರ್!" ದನಿಯಲ್ಲಿ ಸಂಭ್ರಮವೇ ಇತ್ತು. "ನೆನಪಿಟ್ಕಂಡಿದೀರಲ್ಲ ಸಾರ್. ನಮ್ಮೋರೇ ಮರ್ತ್ರು, ನೀವು ಮರೀಲಿಲ್ಲ. ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಪ್ರಭು ಏನಾರೂ..."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಚಾಪೆಯ ಮೇಲೆ ಕೂತ. "ರಕ್ತ ಕೊಡಾಕೆ ಬರ್ಬೇಕಮ್ಮ ನೀವು. ರಾಮಗಿರಿ ಕ್ವಾರಿದು... ಆ ಮೂಳೆ ಓಬಣ್ಣಂದಲ್ಲ ಅಂತ ಗೊತ್ತಾಗೈತೆ. ಮುರಿದಿದ್ದು ಎಡಗೈ."

ಆ ಕಡೆಯ ನಗು, ಮಾತು ಒಂದೊಂದಾಗಿ ನಿಂತವು. ಮಹಾದೇವಮ್ಮ ಎದ್ದು ಆಚೆ ಬಂದಿರಬೇಕು, ಗಾಳಿಯ ಸದ್ದು ಕೇಳಿತು.

"ಅವತ್ತು ಬಲಗೈ ಅಂದ್ರಲ್ಲ ಸಾರ್?"

"ಸುಳ್ಳು ಹೇಳ್ದೆ ಅಮ್ಮ."

"ಯಾಕೆ ಸಾರ್?"

ಸಿಟ್ಟಿರಲಿಲ್ಲ ಆ ಪ್ರಶ್ನೆಯಲ್ಲಿ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಗೊಂದಲವಾಗಿತ್ತು, ಕಣ್ತಪ್ಪಾಗಿತ್ತು, ಪೊಲೀಸರು ಹಾಗೆ ಹೇಳಿದ್ದರು, ಹೀಗೆ ನಾಲ್ಕಾರು ಉತ್ತರ ನಾಲಿಗೆಯ ತುದಿಗೆ ಬಂದವು. ಎದುರಿಗೆ ನಿಂಗಕ್ಕ ಬೋಳು ಹಣೆಯಲ್ಲಿ ಅವನನ್ನೇ ನೋಡುತ್ತಿದ್ದಳು. ಇವಳ ಮುಂದೆ ಇನ್ನೊಂದು ಮಾತನ್ನು ಕತ್ತರಿಸಿ ತೋರಿಸುವುದು ಸಾಧ್ಯವಿರಲಿಲ್ಲ.

"ನನಗೆ ಶಾಲು ಹೊದ್ಸಿದ್ರು ಅಮ್ಮ" ಎಂದ. "ಅದಕ್ಕೆ."

ನಿಂಗಕ್ಕ ಎದ್ದು ಒಳಗೆ ಹೋಗಿ, ಮುಖ ತೊಳೆದು, ಸೆರಗು ಸರಿಮಾಡಿಕೊಂಡು, ಕೈಚೀಲ ಹಿಡಿದು ಬಂದಳು.

"ಹೋಗಾಣ ನಡಿ, ಬಸ್ ಸ್ಟಾಪಿನ ತನಕ ಬೈಕ್‌ನಾಗೆ ಬಿಡು" ಎಂದಳು. "ಅಲ್ಲಿಂದ ಭೀಮಸಮುದ್ರಕ್ಕೆ ನಾನು ಬಸ್ಸಿಗೆ ಬರ್ತೀನಿ. ಆ ಹುಡುಗನ ಅಕ್ಕನ್ನ ನಾನು ನೋಡ್ಬೇಕು. ಅವಳು ನನ್ನೂ ನೋಡ್ಲಿ."

ಹೇಳಿ ಅವಳು ಮುಂದೆ ನಡೆದಳು. ನಾಗಭೂಷಣ ಫೋನನ್ನು ಕಿವಿಯಿಂದ ತೆಗೆಯದೆ ಹಿಂದೆ ಹೊರಟ. ಮಹಾದೇವಮ್ಮ ಇನ್ನೂ ಫೋನ್ ಇಟ್ಟಿರಲಿಲ್ಲ.